ಹ್ಯುಮಿಡರ್‌ನ ಮರಕ್ಕೆ ಮೊದಲು ಹದ, ಆಮೇಲೆ ಸಿಗಾರ್

ಪ್ರಶ್ನೆ: ಐವತ್ತು ಸಿಗಾರ್ ಹಿಡಿಸುವ ಹೊಸ ಮರದ ಹ್ಯುಮಿಡರ್, ಅಂದರೆ ಸಿಗಾರ್‌ಗಳನ್ನು ತಕ್ಕ ತೇವದಲ್ಲಿ ಕಾಪಾಡುವ ಪೆಟ್ಟಿಗೆ, ಒಂದನ್ನು ಕೊಂಡಿದ್ದೇನೆ. ಒಳಭಾಗವನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮರುದಿನವೇ 25 ಸಿಗಾರ್‌ಗಳನ್ನು ಇಟ್ಟೆ. ಆ ದಿನ ಮಾಪಕ ಶೇ 74 ಆರ್ದ್ರತೆ ತೋರಿಸಿತ್ತು. ಹತ್ತು ದಿನಗಳಲ್ಲಿ ಅದು 58ಕ್ಕೆ ಇಳಿದಿದೆ. ತೇವ ಕೊಡಲೆಂದು ಪೆಟ್ಟಿಗೆಯ ಜೊತೆ ಬಂದ ಸ್ಪಂಜಿಗೆ ಎರಡು ಸಲ ನಲ್ಲಿಯ ನೀರು ಹಾಕಿದರೂ ಏರಲಿಲ್ಲ. ಎರಡು ಸಿಗಾರ್‌ಗಳ ಹೊರ ಎಲೆ ಬಿರಿದಿದೆ, ಒಂದರ ಮೇಲೆ ಬಿಳಿ ಚುಕ್ಕೆಗಳೂ ಕಾಣಿಸುತ್ತಿವೆ. ಪೆಟ್ಟಿಗೆಯೇ ದೋಷಪೂರಿತವೇ? ಸದ್ಯಕ್ಕೆ ಸಿಗಾರ್‌ಗಳನ್ನು ಫ್ರಿಜ್‌ನಲ್ಲಿಡಬಹುದೇ?

ಉತ್ತರ: ಪೆಟ್ಟಿಗೆಯನ್ನು ದೂರುವ ಮೊದಲು ನೀವೇ ಬರೆದಿರುವ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ದಿನ 74, ಹತ್ತನೆಯ ದಿನ 58. ಮುಚ್ಚಳ ಸರಿಯಾಗಿ ಕೂರದ ಪೆಟ್ಟಿಗೆಯಲ್ಲಿಯೂ ಆರ್ದ್ರತೆ ಇಳಿಯುತ್ತದೆ ನಿಜ, ಆದರೆ ಒರೆಸಿದ ಮರುದಿನ ಎತ್ತರದಲ್ಲಿದ್ದು ಆಮೇಲೆ ದಿನದಿನಕ್ಕೆ ಕುಸಿಯುವ ಈ ನಡೆ, ಇನ್ನೂ ಒಣಗಿರುವ ಮರದ ಲಕ್ಷಣ. ನಿಮ್ಮ ಪೆಟ್ಟಿಗೆಯ ಮರಕ್ಕೆ ನೀರಡಿಕೆ ತೀರಿಲ್ಲ. ಸ್ಪಂಜಿನ ನೀರನ್ನು ಅದೇ ಕುಡಿಯುತ್ತಿದೆ, ಅದು ಸಾಲದೆ ಸಿಗಾರ್‌ಗಳ ತೇವವನ್ನೂ ಎಳೆದುಕೊಳ್ಳುತ್ತಿದೆ. ಹೊರ ಎಲೆ ಬಿರಿದಿರುವುದು ಬಹುಪಾಲು ಇದರಿಂದಲೇ.

ಹ್ಯುಮಿಡರ್ ಎಂದರೆ ಒದ್ದೆ ಗಾಳಿಯನ್ನು ತುಂಬಿಟ್ಟುಕೊಂಡ ಡಬ್ಬಿ ಎಂಬ ಕಲ್ಪನೆಯಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಸ್ವಲ್ಪ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 18 ಗ್ರಾಂನಷ್ಟು ನೀರಿನ ಆವಿಯನ್ನು ಹಿಡಿದಿಡಬಲ್ಲದು. ಹತ್ತು ಲೀಟರ್ ಒಳಜಾಗವಿರುವ ಪೆಟ್ಟಿಗೆಯ ಗಾಳಿ ಶೇ 70ರ ಆರ್ದ್ರತೆಯಲ್ಲಿದ್ದಾಗ ಅದರಲ್ಲಿರುವ ನೀರು ಒಂದು ಗ್ರಾಂನ ಎಂಟನೆಯ ಒಂದು ಪಾಲು, ಅಂದರೆ ಎರಡು ಮೂರು ಹನಿ ಮಾತ್ರ. ಮರದ ಲೆಕ್ಕ ಬೇರೆ. ಸುತ್ತಲಿನ ಗಾಳಿ ಶೇ 30ರ ಆರ್ದ್ರತೆಯಲ್ಲಿದ್ದಾಗ ಮರ ತನ್ನ ಒಣತೂಕದ ಸುಮಾರು ಶೇ 6ರಷ್ಟು ನೀರನ್ನು ಇಟ್ಟುಕೊಂಡಿರುತ್ತದೆ, ಗಾಳಿ ಶೇ 70ಕ್ಕೆ ಏರಿದರೆ ಸುಮಾರು ಶೇ 13ರಷ್ಟು ಬೇಡುತ್ತದೆ. ಒಳಪದರ, ತಟ್ಟೆ, ವಿಭಾಜಕಗಳೆಲ್ಲ ಸೇರಿ ಒಂದು ಕಿಲೋ ಮರವಿದ್ದರೆ, ಒಣ ಜಾಗದಿಂದ ಬಂದ ಆ ಮರ ತೃಪ್ತಿಯಾಗುವ ಹೊತ್ತಿಗೆ ಹೆಚ್ಚುಕಡಿಮೆ 70 ಮಿಲಿಲೀಟರ್ ನೀರನ್ನು ಹೀರಿರುತ್ತದೆ. ನಿಮ್ಮ 25 ಸಿಗಾರ್‌ಗಳು ತಲಾ ಹತ್ತು ಗ್ರಾಂ ತೂಗುತ್ತವೆ ಎಂದಿಟ್ಟುಕೊಂಡರೂ ಅವೆಲ್ಲವುಗಳ ಒಟ್ಟು ನೀರು ಇದರ ಅರ್ಧದಷ್ಟೇ. ಗಾಳಿಯಲ್ಲಿ ಹನಿಗಳು, ಎಲೆಯಲ್ಲಿ ಚಮಚಗಳು, ಮರದಲ್ಲಿ ಲೋಟದ ಲೆಕ್ಕ. ಹೀಗಿರುವಾಗ ಒಣ ಮರದ ನಡುವೆ ಸಿಗಾರ್ ಇಟ್ಟರೆ ಯಾರು ಯಾರಿಂದ ನೀರು ಪಡೆಯುತ್ತಾರೆ ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿದರೆ ಒಳ್ಳೆಯ ಹ್ಯುಮಿಡರ್‌ನ ಗುಣವೂ ತಿಳಿಯುತ್ತದೆ. ಒಮ್ಮೆ ಹದಕ್ಕೆ ಬಂದ ಮರವೇ ದೊಡ್ಡ ಜಲಾಶಯ. ಮುಚ್ಚಳ ತೆರೆದಾಗ ಹೋಗುವ ಎರಡು ಹನಿಯನ್ನು ಅದು ಸದ್ದಿಲ್ಲದೆ ಭರ್ತಿ ಮಾಡುತ್ತದೆ, ಹವೆ ಒದ್ದೆಯಾದಾಗ ಹೆಚ್ಚಿನದನ್ನು ತಾನೇ ಹೀರಿಕೊಳ್ಳುತ್ತದೆ. ಒಳಪದರಕ್ಕೆ ಸಾಮಾನ್ಯವಾಗಿ ಬಳಸುವ ಸ್ಪ್ಯಾನಿಷ್ ಸೀಡರ್, ಅಂದರೆ ಸೆಡ್ರೆಲಾ ಓಡೊರಾಟಾ, ಹೆಸರಿನಲ್ಲಿ ಸೀಡರ್ ಎಂದಿದ್ದರೂ ದೇವದಾರುವಿನ ಬಳಗದ್ದಲ್ಲ, ನಮ್ಮ ಬೇವು ಸೇರಿರುವ ಮೀಲಿಯೇಸಿ ಕುಟುಂಬದ ಮರ. ಅದು ತೇವವನ್ನು ಧಾರಾಳವಾಗಿ ತೆಗೆದುಕೊಳ್ಳುತ್ತದೆ, ಆದರೂ ಅಷ್ಟಾಗಿ ಸೊಟ್ಟಗಾಗುವುದಿಲ್ಲ, ಬೂಷ್ಟಿಗೂ ಕೀಟಗಳಿಗೂ ಸುಲಭವಾಗಿ ಬಗ್ಗುವುದಿಲ್ಲ, ಅದರ ಪರಿಮಳ ತಂಬಾಕಿಗೆ ಹೊಂದುತ್ತದೆ. ಆದ್ದರಿಂದಲೇ ಒಳಮೈಗೆ ವಾರ್ನಿಷ್ ಹಚ್ಚುವುದಿಲ್ಲ. ಹಚ್ಚಿದರೆ ಮರದ ಬಾಯಿಯನ್ನೇ ಮುಚ್ಚಿದಂತಾಗುತ್ತದೆ.

ಒದ್ದೆ ಬಟ್ಟೆಯಿಂದ ಒರೆಸುವ ಸಲಹೆ ಬಹಳ ಹಳೆಯದು. ಅನುಭವಸ್ಥರಲ್ಲಿಯೂ ಹಲವರು ಈಗಲೂ ಅದನ್ನೇ ಹೇಳುತ್ತಾರೆ, ನೀವು ಅದನ್ನು ಅನುಸರಿಸಿದ್ದು ನಿಮ್ಮ ತಪ್ಪಲ್ಲ. ಆದರೂ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಬಟ್ಟೆಯ ನೀರು ಮರದ ಮೇಲ್ಮೈಯ ಕೂದಲೆಳೆಯಷ್ಟು ಆಳವನ್ನು ಒಮ್ಮೆಗೇ ತೋಯಿಸುತ್ತದೆ. ಒಳಗಿನ ತಿರುಳು ಒಣಗಿಯೇ ಇರುತ್ತದೆ. ಮೇಲ್ಪದರ ಹಿಗ್ಗಿ, ತಿರುಳು ಹಿಗ್ಗದೆ ಉಳಿದಾಗ ಆ ಎಳೆದಾಟ ಕೀಲುಗಳ ಮೇಲೆ, ತೆಳು ಹಲಗೆಯ ಅಂಚುಗಳ ಮೇಲೆ ಬೀಳುತ್ತದೆ. ನನ್ನ ಮೊದಲ ಪೆಟ್ಟಿಗೆಯನ್ನು ನಾನೂ ಹೀಗೆಯೇ ಒರೆಸಿದ್ದೆ. ಮೂರನೆಯ ದಿನ ಹಿಂಬದಿಯ ಒಳಹಲಗೆ ಒಂದು ಮೂಲೆಯಲ್ಲಿ ಎದ್ದು ನಿಂತಿತು, ಆ ಮೂಲೆಯಲ್ಲಿ ಮುಚ್ಚಳ ಮತ್ತೆಂದೂ ಸರಿಯಾಗಿ ಕೂರಲಿಲ್ಲ. ಹಲಗೆ ಏಳದಿದ್ದರೂ ಇನ್ನೊಂದು ಹಾನಿಯಿದೆ. ತೋಯ್ದ ಮೇಲ್ಮೈ ಗಾಳಿಗೆ ತೇವ ಬಿಡುವುದರಿಂದ ಮಾಪಕ ಒಂದೆರಡು ದಿನ ಎತ್ತರದ ಅಂಕಿಯನ್ನು ತೋರಿಸುತ್ತದೆ, ನೋಡುವವರಿಗೆ ಕೆಲಸ ಮುಗಿಯಿತು ಎನಿಸುತ್ತದೆ. ಅಷ್ಟರಲ್ಲಿ ಆ ನೀರು ತಿರುಳಿನ ಕಡೆಗೆ ಇಳಿದುಹೋಗಿರುತ್ತದೆ. ನೀವು ಕಂಡ 74 ಅಂಥದ್ದೇ ಅಂಕಿ.

ಈಗ ಮಾಡಬೇಕಾದದ್ದಕ್ಕೆ ಬರೋಣ. ಸಿಗಾರ್‌ಗಳನ್ನು ಇವತ್ತೇ ಪೆಟ್ಟಿಗೆಯಿಂದ ಹೊರತೆಗೆಯಿರಿ. ವಾಸನೆಯಿಲ್ಲದ, ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅವುಗಳನ್ನಿಟ್ಟು, ಜೊತೆಗೆ ಗಾಳಿಯನ್ನು ಶೇ 62ರ ಆರ್ದ್ರತೆಯಲ್ಲಿ ಹಿಡಿದಿಡುವ ಆರ್ದ್ರತಾ ಪೊಟ್ಟಣ ಹಾಕಿ ಮುಚ್ಚಿಡಿ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲವಾದ್ದರಿಂದ ಪೊಟ್ಟಣದ ತೇವವೆಲ್ಲ ಎಲೆಗೇ ಸಲ್ಲುತ್ತದೆ. ನೋಟದಲ್ಲಿ ಮರದ ಪೆಟ್ಟಿಗೆಯ ಘನತೆ ಅದಕ್ಕಿಲ್ಲ, ಆದರೆ ಮುಂದಿನ ನಾಲ್ಕು ವಾರಗಳ ಮಟ್ಟಿಗೆ ನಿಮ್ಮ ಸಿಗಾರ್‌ಗಳಿಗೆ ಅದಕ್ಕಿಂತ ಸುರಕ್ಷಿತ ಜಾಗವಿಲ್ಲ.

ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಇಂದಿನ ಫ್ರಿಜ್‌ಗಳು ಒಳಗಿನ ಗಾಳಿಯ ತೇವವನ್ನು ತಂಪು ಕೊಳವೆಗಳ ಮೇಲೆ ಇಳಿಸಿ ಹೊರಹಾಕುತ್ತಲೇ ಇರುತ್ತವೆ. ಅಲ್ಲಿ ತೆರೆದಿಟ್ಟ ಎಲೆ ಬೇಗನೆ ಒಣಗುತ್ತದೆ, ಜೊತೆಗೆ ಅಲ್ಲಿರುವ ಎಲ್ಲ ವಾಸನೆಗಳನ್ನೂ ಹೀರಿಕೊಳ್ಳುತ್ತದೆ.

ಖಾಲಿಯಾದ ಪೆಟ್ಟಿಗೆಗೆ ಹದ ಕೊಡುವ ಮೊದಲು ಮಾಪಕವನ್ನು ಪರೀಕ್ಷಿಸಿ. ಪೆಟ್ಟಿಗೆಯ ಜೊತೆ ಬರುವ ಮುಳ್ಳಿನ ಮಾಪಕಗಳು ಐದು, ಕೆಲವೊಮ್ಮೆ ಹತ್ತು ಅಂಶಗಳಷ್ಟು ತಪ್ಪು ತೋರಿಸುವುದುಂಟು. ಅಂಕಿಯ ಡಿಜಿಟಲ್ ಮಾಪಕವನ್ನೂ ಕಣ್ಣುಮುಚ್ಚಿ ನಂಬಬಾರದು. ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಸೀಸೆಯ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ಕೆಲವೇ ಹನಿ ನೀರು ಬೆರೆಸಿ, ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು, ಕರಗದ ಹರಳುಗಳು ಉಳಿದಿರಲೇಬೇಕು. ಆ ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಿ, ಉಷ್ಣತೆ ಏರಿಳಿಯದ ಜಾಗದಲ್ಲಿ ಒಂದು ದಿನ ಬಿಡಿ. ಸಂತೃಪ್ತ ಉಪ್ಪಿನ ದ್ರಾವಣದ ಮೇಲಿನ ಗಾಳಿ ಶೇ 75ರ ಆರ್ದ್ರತೆಯಲ್ಲಿ ಬಂದು ನಿಲ್ಲುತ್ತದೆ. ಮನೆಯೊಳಗಿನ ಉಷ್ಣತೆ ಕೊಂಚ ಹೆಚ್ಚುಕಡಿಮೆಯಾದರೂ ಈ ಅಂಕಿ ಬಹುತೇಕ ಬದಲಾಗುವುದಿಲ್ಲ, ಅದೇ ಈ ಪರೀಕ್ಷೆಯ ಸೊಗಸು. ಚೀಲ ತೆರೆಯದೆಯೇ ಓದಿ. 71 ತೋರಿಸಿದರೆ ನಿಮ್ಮ ಮಾಪಕ ನಾಲ್ಕು ಅಂಶ ಕಡಿಮೆ ಹೇಳುತ್ತಿದೆ ಎಂದು ತಿಳಿದು, ಮುಂದೆ ಅದು ಹೇಳಿದ ಅಂಕಿಗೆ ನಾಲ್ಕು ಸೇರಿಸಿಕೊಳ್ಳಿ. ನಿಮ್ಮ 58 ನಿಜವಾಗಿಯೂ 58 ಆಗಿತ್ತೇ ಎಂಬುದು ಈ ಪರೀಕ್ಷೆಯ ನಂತರವೇ ತಿಳಿಯುತ್ತದೆ. ಎಲೆ ಬಿರಿದಿರುವುದನ್ನು ನೋಡಿದರೆ ಬಹಳ ದೂರವಿರಲಾರದು.

ಮುಚ್ಚಳದ ಪರೀಕ್ಷೆಗೆ ಎರಡು ನಿಮಿಷ ಸಾಕು. ಕಾಗದದ ಪಟ್ಟಿಯನ್ನು ಅಂಚಿನಲ್ಲಿಟ್ಟು ಮುಚ್ಚಳ ಹಾಕಿ ಮೆಲ್ಲನೆ ಎಳೆಯಿರಿ. ನಾಲ್ಕೂ ಬದಿಯಲ್ಲಿ ಅದು ಹಿಡಿದುಕೊಂಡರೆ ಸರಿ. ಕತ್ತಲೆಯ ಕೋಣೆಯಲ್ಲಿ ಉರಿಯುವ ಸಣ್ಣ ಟಾರ್ಚನ್ನು ಒಳಗಿಟ್ಟು ಮುಚ್ಚಿ, ಬೆಳಕಿನ ಗೆರೆ ಕಾಣುವುದೇ ಎಂದೂ ನೋಡಬಹುದು. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಗಾಜು ಕೂತ ಅಂಚನ್ನೂ ಮಾಪಕ ಕೂರಿಸಿದ ರಂಧ್ರವನ್ನೂ ವಿಶೇಷವಾಗಿ ಗಮನಿಸಿ. ಆದರೆ ಮರ ಒಣಗಿರುವಾಗ ಕಾಣುವ ಕೂದಲೆಳೆಯ ಸಂದು ಮರ ಹಿಗ್ಗಿದ ಮೇಲೆ ತಾನೇ ಮುಚ್ಚಿಕೊಳ್ಳುವುದುಂಟು, ಹೀಗಾಗಿ ಈ ಹಂತದ ತೀರ್ಪನ್ನು ಕೊನೆಯದೆಂದು ತಿಳಿಯಬೇಡಿ.

ಹದ ಕೊಡಲು ಎರಡು ದಾರಿಗಳಿವೆ. ಶೇ 84ರ ಆರ್ದ್ರತೆಗೆಂದೇ ತಯಾರಾಗುವ ಪೊಟ್ಟಣಗಳನ್ನು ಬಳಸುವುದು ಒಂದು. ಬೊವೆಡಾ ಹೆಸರಿನಲ್ಲಿ ಸಿಗುವ ಇಂಥ ಪೊಟ್ಟಣಗಳಲ್ಲಿ ಲವಣದ ಸಂತೃಪ್ತ ದ್ರಾವಣವಿದ್ದು, ಆವಿಯನ್ನು ಮಾತ್ರ ಬಿಡುವ ಪೊರೆ ಅದನ್ನು ಸುತ್ತಿರುತ್ತದೆ. ನೀವು ಈಗಷ್ಟೇ ಉಪ್ಪಿನಿಂದ ಮಾಡಿದ ಪರೀಕ್ಷೆಯ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ, ಲವಣ ಬೇರೆಯಾದರೆ ಆರ್ದ್ರತೆಯ ಅಂಕಿಯೂ ಬೇರೆ. ಪೆಟ್ಟಿಗೆಯ ಸಾಮರ್ಥ್ಯದ ಪ್ರತಿ 25 ಸಿಗಾರ್‌ಗಳಿಗೆ 60 ಗ್ರಾಂನ ಒಂದು ಪೊಟ್ಟಣ ಎಂಬುದು ತಯಾರಕರ ಲೆಕ್ಕ, ಆದ್ದರಿಂದ ನಿಮ್ಮ ಪೆಟ್ಟಿಗೆಗೆ ಎರಡು ಬೇಕು. ಹೊರಗಿನ ಪಾರದರ್ಶಕ ಹೊದಿಕೆಯನ್ನು ಮಾತ್ರ ತೆಗೆದು, ತಟ್ಟೆ ಮತ್ತು ವಿಭಾಜಕಗಳನ್ನೂ ಒಳಗೇ ಬಿಟ್ಟು, ಪೊಟ್ಟಣಗಳನ್ನಿಟ್ಟು ಮುಚ್ಚಿ, 14 ದಿನ ಹಾಗೆಯೇ ಬಿಡಿ. ಈ ಪೊಟ್ಟಣ ಮರವನ್ನು 84ರ ಆಚೆಗೆ ಒಯ್ಯಲಾರದು, ಆದ್ದರಿಂದ ಅತಿಯಾಗುವ ಭಯವಿಲ್ಲ. ನಾನು ಈ ದಾರಿಯನ್ನು ಮೆಚ್ಚುವುದು ಇದೇ ಕಾರಣಕ್ಕೆ.

ಎರಡನೆಯದು ಬಟ್ಟಿ ಇಳಿಸಿದ ನೀರಿನ ದಾರಿ. ಅಗಲ ಬಾಯಿಯ ಚಿಕ್ಕ ಬಟ್ಟಲಿನಲ್ಲಿ ಈ ನೀರನ್ನಿಟ್ಟು, ಅಥವಾ ಅದರಲ್ಲಿ ನೆನೆಸಿ ಹಿಂಡಿದ ಹೊಸ ಸ್ಪಂಜನ್ನು ಪ್ಲಾಸ್ಟಿಕ್ ತಟ್ಟೆಯ ಮೇಲಿಟ್ಟು, ನೀರು ಎಲ್ಲಿಯೂ ಮರಕ್ಕೆ ನೇರವಾಗಿ ತಾಗದಂತೆ ಮುಚ್ಚಿಡಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಎಷ್ಟು ಇಳಿದಿದೆ ಎಂದು ನೋಡಿ ತುಂಬುತ್ತಾ ಹೋಗಿ. ಮೊದಲ ವಾರ ಇಳಿದಷ್ಟು ಎರಡನೆಯ ವಾರ ಇಳಿಯುವುದಿಲ್ಲ. ಮರದ ದಾಹ ತೀರುತ್ತಿದೆ ಎಂಬುದಕ್ಕೆ ಅದೇ ಗುರುತು, ಮಾಪಕದ ಅಂಕಿಗಿಂತ ನಾನು ಇದನ್ನೇ ಹೆಚ್ಚು ನೆಚ್ಚುತ್ತೇನೆ. ತೆರೆದ ನೀರಿಗೆ 84ರ ಗಡಿಯಿಲ್ಲ, ಅದು ಗಾಳಿಯನ್ನು ನೂರರ ಕಡೆಗೇ ಒಯ್ಯುತ್ತಿರುತ್ತದೆ. ಆದ್ದರಿಂದ ಮಾಪಕ 80ರ ಆಸುಪಾಸಿನಲ್ಲಿ ಎರಡು ದಿನ ನಿಂತರೆ ಬಟ್ಟಲನ್ನು ತೆಗೆದುಬಿಡಿ. ಮರೆತು ವಾರಗಟ್ಟಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ನಡುನಡುವೆ ತೆರೆದು ನೋಡಬಾರದು ಎಂದು ಕಟ್ಟುನಿಟ್ಟಾಗಿ ಹೇಳುವವರಿದ್ದಾರೆ. ತೆರೆದರೆ ಹೋಗುವುದು ಎರಡು ಹನಿ ಎಂದು ಮೇಲೆಯೇ ಲೆಕ್ಕ ಹಾಕಿದ್ದೇವೆ, ಅದರಿಂದ ಮರ ಒಣಗುವುದಿಲ್ಲ. ತೆರೆದಾಗ ಮಾಪಕ ಕೋಣೆಯ ಗಾಳಿಯನ್ನು ಓದಿ, ಮತ್ತೆ ಸರಿಯಾದ ಅಂಕಿಗೆ ಬರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ನೋಡಿದವರು ಗಾಬರಿಯಾಗಿ ಇನ್ನಷ್ಟು ನೀರು ಹಾಕುತ್ತಾರೆ. ತಡೆಯಬೇಕಾದದ್ದು ಆ ಗಾಬರಿಯನ್ನು.

ಎರಡು ವಾರ ಕಳೆದ ಮೇಲೆ ಬರುವ ವಿಶ್ರಾಂತಿಯ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನೀರನ್ನೂ ಪೊಟ್ಟಣವನ್ನೂ ಹೊರತೆಗೆದು, ಒಳಗೆ ಮಾಪಕವೊಂದನ್ನೇ ಬಿಟ್ಟು ಎರಡು ದಿನ ಮುಚ್ಚಿಡಿ. ಆಗ ಮರ ತನ್ನಷ್ಟಕ್ಕೆ ಯಾವ ಅಂಕಿಯಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಮೇಲ್ಮೈಯ ತೇವ ತಿರುಳಿಗೆ ಹಂಚಿಹೋಗುವುದರಿಂದ ಅಂಕಿ ಸ್ವಲ್ಪ ಇಳಿಯುವುದು ಸಹಜ. 70ರ ಆಸುಪಾಸಿನಲ್ಲಿ ನಿಂತರೆ ಮರ ಹದಕ್ಕೆ ಬಂದಿದೆ. 65ಕ್ಕಿಂತ ಕೆಳಗೆ ಜಾರಿದರೆ ತಿರುಳು ಇನ್ನೂ ಒಣಗಿದೆ, ಇನ್ನೊಂದು ವಾರ ಹದ ಕೊಡಿ. 75ರ ಮೇಲೆಯೇ ಉಳಿದರೆ ಆತುರಪಡದೆ, ದಿನಕ್ಕೆ ಕೆಲವು ನಿಮಿಷ ಮುಚ್ಚಳ ತೆರೆದಿಟ್ಟು ಇಳಿಯಲು ಬಿಡಿ. ಆಮೇಲೆ ನಿತ್ಯದ ಆರ್ದ್ರತಾ ಸಾಧನವನ್ನಿಟ್ಟು, ಅಂಕಿ ನೆಲೆಗೊಂಡ ನಂತರವೇ ಸಿಗಾರ್‌ಗಳನ್ನು ಒಳಗೆ ತನ್ನಿ.

ನಿತ್ಯದ ಅಂಕಿ ಎಷ್ಟಿರಬೇಕು? 70 ಡಿಗ್ರಿ ಫ್ಯಾರನ್‌ಹೀಟ್, ಶೇ 70 ಆರ್ದ್ರತೆ ಎಂಬ ಜೋಡಿ ಮಾತು ಎಲ್ಲೆಡೆ ಪ್ರಚಲಿತ. ನೆನಪಿಡಲು ಸುಲಭ, ಅಪಾಯವೂ ಇಲ್ಲ. 70 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಮ್ಮ ಲೆಕ್ಕದಲ್ಲಿ 21 ಡಿಗ್ರಿ ಸೆಲ್ಸಿಯಸ್. ನಾನು ಮಾತ್ರ 65ರಿಂದ 69ರ ನಡುವೆ ಇಡಿ ಎನ್ನುತ್ತೇನೆ. ಸಿಗಾರ್ ಎಂದರೆ ಮೂರು ಬಗೆಯ ಎಲೆಗಳ ಕಟ್ಟು. ಒಳಗೆ ಹೂರಣದ ಎಲೆಗಳು, ಅವನ್ನು ಬಿಗಿಯುವ ಎಲೆ, ಎಲ್ಲಕ್ಕೂ ಮೇಲೆ ತೆಳ್ಳನೆಯ ಹೊದಿಕೆ ಎಲೆ. ತೇವ ಹೆಚ್ಚಾದರೆ ಹೂರಣ ಉಬ್ಬಿ ಹೊಗೆ ಎಳೆಯುವ ದಾರಿ ಕಟ್ಟಿಕೊಳ್ಳುತ್ತದೆ, ಉರಿ ಒಂದೇ ಬದಿಗೆ ಓಡುತ್ತದೆ ಅಥವಾ ಪದೇ ಪದೇ ಆರುತ್ತದೆ, ಉಬ್ಬಿದ ಹೂರಣವನ್ನು ತಡೆದುಕೊಳ್ಳಲಾರದೆ ಹೊದಿಕೆ ಎಲೆ ಸೀಳುತ್ತದೆ. ತೇವ ಕಡಿಮೆಯಾದರೆ ಬೇಗನೆ, ಬಿಸಿಯಾಗಿ ಉರಿದು ಬಾಯಿಗೆ ಖಾರವಾಗುತ್ತದೆ, ಎಲೆಯ ಎಣ್ಣೆಗಳ ಜೊತೆ ಪರಿಮಳವೂ ಆರಿಹೋಗುತ್ತದೆ, ಮುಟ್ಟಿದರೆ ಹೊದಿಕೆ ಪುಡಿಯಾಗುತ್ತದೆ. 65ರಿಂದ 69ರ ಪಟ್ಟಿಯಲ್ಲಿ ಈ ಎರಡೂ ಕೊನೆಗಳಿಂದ ಸಾಕಷ್ಟು ದೂರವಿರುತ್ತೀರಿ, ಉಷ್ಣತೆ ಕೊಂಚ ಏರಿದ ದಿನಗಳಲ್ಲಿಯೂ ಬೂಷ್ಟಿಗೆ ಅವಕಾಶ ಕೊಡುವುದಿಲ್ಲ.

ಸಾಧನದ ಆಯ್ಕೆಯಲ್ಲಿ ನನ್ನ ಒಲವು 65 ಅಥವಾ 69ರ ಎರಡುಮುಖದ ಪೊಟ್ಟಣಗಳ ಕಡೆಗೆ. ಅವು ಒಣಗಿದಾಗ ತೇವ ಕೊಡುತ್ತವೆ, ಒದ್ದೆಯಾದಾಗ ಹಿಂದಕ್ಕೆ ತೆಗೆದುಕೊಳ್ಳುತ್ತವೆ. ಒಳಗಿನ ದ್ರವ ಗಟ್ಟಿಯಾಗಿ ಹರಳಿನಂತೆ ಕೈಗೆ ಸಿಕ್ಕರೆ ಬದಲಾಯಿಸಬೇಕು, ಅಷ್ಟೇ. ನಿಮ್ಮ ಪೆಟ್ಟಿಗೆಯ ಜೊತೆ ಬಂದಿರುವ ಸ್ಪಂಜಿನ ಸಾಧನವನ್ನೇ ಬಳಸುವುದಾದರೆ ನಲ್ಲಿಯ ನೀರನ್ನು ಇನ್ನು ಹಾಕಬೇಡಿ. ಅದರ ಖನಿಜಗಳು ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತವೆ, ಬೂಷ್ಟಿನ ಬೀಜಾಣುಗಳಿಗೂ ಅಲ್ಲಿ ನೆಲೆ ಸಿಗುತ್ತದೆ. ಬಾಟಲಿಯ ಮಿನರಲ್ ನೀರು ಇದಕ್ಕೆ ಬದಲಿಯಲ್ಲ, ಹೆಸರೇ ಹೇಳುವಂತೆ ಅದರಲ್ಲಿಯೂ ಖನಿಜಗಳಿವೆ. ಬಟ್ಟಿ ಇಳಿಸಿದ ನೀರನ್ನೂ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನೂ ಸಮಪಾಲು ಬೆರೆಸಿದ ದ್ರಾವಣವನ್ನು ಒಮ್ಮೆ ತುಂಬಿದರೆ ಅದು ಶೇ 70ರ ಸುತ್ತ ಆರ್ದ್ರತೆಯನ್ನು ಹಿಡಿದಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಗ್ಲೈಕಾಲ್ ನಿಧಾನವಾಗಿ ಆವಿಯಾಗುವುದರಿಂದ ಆಮೇಲೆ ಹಲವು ತಿಂಗಳು ಬಟ್ಟಿ ನೀರನ್ನಷ್ಟೇ ಸೇರಿಸಿದರೆ ಸಾಕು. ಈ ಸಾಧನವನ್ನೂ ಪೊಟ್ಟಣವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಎರಡೂ ಬೇರೆ ಬೇರೆ ಅಂಕಿಯ ಕಡೆಗೆ ಎಳೆಯುತ್ತವೆ, ಪೊಟ್ಟಣ ಬೇಗನೆ ಹಾಳಾಗುತ್ತದೆ.

ಬಿರಿದ ಎರಡು ಸಿಗಾರ್‌ಗಳ ವಿಷಯ. ಬಿರುಕು ಮತ್ತೆ ಕೂಡಿಕೊಳ್ಳುವುದಿಲ್ಲ, ಆದರೆ ಅವು ಪೂರ್ತಿ ಕೆಟ್ಟವೆಂದೂ ಅಲ್ಲ. ಉಳಿದ 23 ಸಿಗಾರ್‌ಗಳೂ ಒಳಗೊಳಗೆ ಒಣಗಿವೆ ಎಂಬುದನ್ನು ಮರೆಯಬೇಡಿ, ಅವುಗಳನ್ನು ಕಾಪಾಡುವುದು ಈಗ ಮುಖ್ಯ. ಒಣಗಿದ ಸಿಗಾರನ್ನು ಒಮ್ಮೆಗೇ ಹೆಚ್ಚಿನ ತೇವಕ್ಕೆ ಒಡ್ಡಿದರೆ ಹೊದಿಕೆ ಮತ್ತು ತುದಿಯ ಎಲೆಗಳು ಮೊದಲು ಹಿಗ್ಗಿ, ನಡುವಿನ ಹೂರಣ ಒಣಗಿಯೇ ಉಳಿದು ಇನ್ನಷ್ಟು ಬಿರಿಯುತ್ತದೆ. ಮರವನ್ನು ಬಟ್ಟೆಯಿಂದ ಒರೆಸಿದಾಗ ಆಗುವುದೂ ಇದೇ ಅಲ್ಲವೇ. ಆದ್ದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊದಲು 62ರಲ್ಲಿ ಎರಡು ವಾರ, ಆಮೇಲೆ 65ರಲ್ಲಿ ಎರಡು ವಾರ ಬಿಡಿ. ಬೆರಳ ನಡುವೆ ಮೆಲ್ಲನೆ ಒತ್ತಿದಾಗ ಸದ್ದು ಮಾಡದೆ, ಕೊಂಚ ಬಾಗಿ ಮತ್ತೆ ಮೊದಲಿನಂತಾದರೆ ಎಲೆ ಹದಕ್ಕೆ ಬಂದಿದೆ. ಆರಿಹೋದ ಎಣ್ಣೆಗಳು ಮಾತ್ರ ಹಿಂದಿರುಗುವುದಿಲ್ಲ. ಹತ್ತು ದಿನಗಳಲ್ಲಿ ಆದ ನಷ್ಟ ದೊಡ್ಡದಿರಲಾರದು ಎಂಬುದು ಸಮಾಧಾನ.

ಬಿಳಿ ಚುಕ್ಕೆಗಳನ್ನು ಕಂಡು ಸಂತೋಷಪಡುವವರಿದ್ದಾರೆ. ಚೆನ್ನಾಗಿ ಹಳತಾದ ಸಿಗಾರ್‌ನ ಎಣ್ಣೆಗಳು ಹೊರಬಂದು ಹರಳುಗಟ್ಟಿ ಹೀಗೆ ಕಾಣುತ್ತವೆ ಎಂಬ ನಂಬಿಕೆ ಬಹಳ ಕಾಲದಿಂದಿದೆ. ಹಾಗೆ ನಂಬಬೇಡಿ, ಬೂಷ್ಟೆಂದೇ ತಿಳಿದು ನಡೆದುಕೊಳ್ಳಿ. ಚುಕ್ಕೆಗಳು ಗುಂಪುಗುಂಪಾಗಿ, ನೂಲಿನಂತೆ ಮೇಲೆದ್ದು, ಹಸಿರು ಅಥವಾ ನೀಲಿ ಛಾಯೆಯಲ್ಲಿದ್ದರೆ ಅನುಮಾನಕ್ಕೂ ಎಡೆಯಿಲ್ಲ. ಆರ್ದ್ರತೆ 58ಕ್ಕೆ ಇಳಿದ ಪೆಟ್ಟಿಗೆಯಲ್ಲಿ ಬೂಷ್ಟು ಹೇಗೆ ಎಂದು ನೀವು ಕೇಳಬಹುದು. ಒರೆಸಿದ ಮರುದಿನ ಆ ಸಿಗಾರ್ ಒದ್ದೆ ಹಲಗೆಗೋ ಸ್ಪಂಜಿಗೋ ತಾಗಿಕೊಂಡಿದ್ದಿರಬಹುದು, ಅಥವಾ ಕೊಳ್ಳುವಾಗಲೇ ಇದ್ದಿರಬಹುದು. ಅದನ್ನು ತಕ್ಷಣ ಬೇರೆ ಇಡಿ. ಬೆಂಕಿ ಹಚ್ಚುವ ತುದಿಯಲ್ಲಿ, ಅಂದರೆ ಹೂರಣ ಕಾಣುವ ಕಡೆ ಬೂಷ್ಟಿದ್ದರೆ ಅದು ಒಳಕ್ಕೂ ಇಳಿದಿರುತ್ತದೆ, ಎಸೆದುಬಿಡಿ. ಹೊದಿಕೆಯ ಮೇಲೆ ಮಾತ್ರ ಇರುವುದನ್ನು ಒರೆಸಿ ಉಳಿಸಿಕೊಳ್ಳುವವರಿದ್ದಾರೆ, ಒಂದು ಸಿಗಾರ್‌ಗಾಗಿ ಉಳಿದ 24ನ್ನು ಅಪಾಯಕ್ಕೆ ಒಡ್ಡಲು ನಾನು ಸಿದ್ಧನಿಲ್ಲ. ಹದ ಕೊಡಲು ಆರಂಭಿಸುವ ಮೊದಲು ಪೆಟ್ಟಿಗೆಯ ಒಳಮೈಯನ್ನೂ ಬೆಳಕಿನಲ್ಲಿ ಪರೀಕ್ಷಿಸಿ. ಅಲ್ಲಿ ಕಲೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಡಿ. ಆಲ್ಕೊಹಾಲ್ ಬೇಗನೆ ಆರಿಹೋಗುವುದರಿಂದ ನೀರಿನಂತೆ ಮರವನ್ನು ಹಿಗ್ಗಿಸುವುದಿಲ್ಲ. ಕೆಲವು ಹೊಸ ಪೆಟ್ಟಿಗೆಗಳಲ್ಲಿ ಸೀಡರ್‌ನ ಅಂಟು ಹೊಳೆಯುವ ಹನಿಗಳಾಗಿ ಒಸರುತ್ತದೆ. ಅದು ಬೂಷ್ಟಲ್ಲ, ಆದರೆ ಸಿಗಾರ್‌ಗೆ ತಾಗಿದರೆ ಎಲೆ ಹಾಳು, ಅದನ್ನೂ ಇದೇ ರೀತಿ ಒರೆಸಬಹುದು.

ಉಷ್ಣತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ, ಏಕೆಂದರೆ ಒಣಗಿದ ಸಿಗಾರನ್ನು ಹದಕ್ಕೆ ತರಬಹುದು, ಹುಳು ತಿಂದದ್ದನ್ನು ತರಲಾಗದು. ಲ್ಯಾಸಿಯೋಡರ್ಮಾ ಸೆರಿಕೋರ್ನೆ ಎಂಬ ತಂಬಾಕಿನ ಜೀರುಂಡೆ ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಕೀಟ. ಅದರ ಮೊಟ್ಟೆಗಳು ಎಲೆಯಲ್ಲಿ ಕಣ್ಣಿಗೆ ಬೀಳದಂತೆ ಉಳಿದು ಬರುವುದುಂಟು. ತಂಪಿನಲ್ಲಿ ಅವು ಸುಮ್ಮನಿರುತ್ತವೆ. ಉಷ್ಣತೆ 24 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲಿಯೇ ನಿಂತರೆ ಮರಿಹುಳುಗಳು ಹೊರಬಂದು ಹೂರಣದಲ್ಲಿ ಸುರಂಗ ಕೊರೆಯುವ ಸಂಭವ ಹೆಚ್ಚು, 30 ಡಿಗ್ರಿಯ ಹೊತ್ತಿಗೆ ಅವುಗಳ ಬೆಳವಣಿಗೆ ಬಹಳ ಚುರುಕು. ಹೊದಿಕೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂತಹ ದುಂಡನೆಯ ತೂತು, ತಟ್ಟೆಯಲ್ಲಿ ಸಣ್ಣ ಕಂದು ಪುಡಿ ಕಂಡರೆ ಇಡೀ ಸಂಗ್ರಹವೇ ಶಂಕಿತ. ಆಗ ಎಲ್ಲ ಸಿಗಾರ್‌ಗಳನ್ನೂ ಎರಡು ಪದರದ ಚೀಲಗಳಲ್ಲಿ ಗಾಳಿ ತೆಗೆದು ಕಟ್ಟಿ, ಮೊದಲು ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಫ್ರೀಜರ್‌ನಲ್ಲಿ ನಾಲ್ಕೈದು ದಿನ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಚೀಲ ತೆರೆಯಬೇಕು. ಈ ಮೆಟ್ಟಿಲುಗಳನ್ನು ಹಾರಿದರೆ ಎಲೆ ಸೀಳುತ್ತದೆ. ಫ್ರಿಜ್‌ಗೆ ಸಿಗಾರ್ ಹೋಗಬೇಕಾದ ಸಂದರ್ಭ ಇದೊಂದೇ, ಅದೂ ಬಿಗಿಯಾಗಿ ಕಟ್ಟಿದ ಚೀಲದೊಳಗೆ.

ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ಬಿಸಿಗಾಳಿ ಅಥವಾ ತಂಪುಗಾಳಿ ನೇರವಾಗಿ ತಾಗುವಲ್ಲಿ ಇಡಬೇಡಿ. ಬರೀ ಗಾಳಿಯ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ ಶೇ 70 ಇದ್ದದ್ದು 20 ಡಿಗ್ರಿಗೆ ತಣಿದರೆ 90 ದಾಟುತ್ತದೆ. ಮರ ಆ ಏರಿಳಿತವನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆಯಾದರೂ ದಿನಕ್ಕೆರಡು ಸಲ ಅದರ ಮೇಲೆ ಆ ಹೊರೆ ಹಾಕಬಾರದು. ಐವತ್ತರ ಸಾಮರ್ಥ್ಯವೆಂದರೆ ತೆಳು ಸಿಗಾರ್‌ಗಳ ಲೆಕ್ಕ, ದಪ್ಪನೆಯವಾದರೆ 35ಕ್ಕೆ ನಿಲ್ಲಿಸಿ, ಗಾಳಿ ಓಡಾಡಲು ಜಾಗ ಬಿಡಿ. ಒಂದೆರಡು ತಿಂಗಳಿಗೊಮ್ಮೆ ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಮಾಡಿ. ಸೆಲ್ಲೋಫೇನ್ ಹೊದಿಕೆಯನ್ನು ಬಿಡಬಹುದು, ತೆಗೆಯಬಹುದು, ತೇವ ಅದರ ಮೂಲಕ ನಿಧಾನವಾಗಿ ಹಾದುಹೋಗುತ್ತದೆ. ಸುವಾಸನೆ ಬೆರೆಸಿದ ಸಿಗಾರ್‌ಗಳಿದ್ದರೆ ಅವುಗಳಿಗೆ ಬೇರೆಯೇ ಡಬ್ಬಿ ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೆಟ್ಟಿಗೆಗೆ ಬೀಗ ಹಾಕಿ, ತಂಬಾಕು ಹೊಟ್ಟೆಗೆ ಹೋದರೆ ನಿಕೋಟಿನ್ ವಿಷವಾಗುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಪೆಟ್ಟಿಗೆ ದೋಷಪೂರಿತವೇ ಎಂಬುದು. ಅದಕ್ಕೆ ಉತ್ತರ ಹೇಳುವ ದಿನ ಹದ ಮುಗಿದು, ಸಿಗಾರ್‌ಗಳು ಒಳಗೆ ಬಂದು, ಒಂದು ತಿಂಗಳು ಕಳೆದ ಮೇಲೆ ಬರುತ್ತದೆ. ಪರೀಕ್ಷಿಸಿದ ಮಾಪಕ ಅಷ್ಟು ದಿನವೂ 65ರಿಂದ 69ರ ನಡುವೆ ಮೂರು ಅಂಶಕ್ಕಿಂತ ಹೆಚ್ಚು ಅಲುಗದೆ ನಿಂತರೆ ಪೆಟ್ಟಿಗೆ ಒಳ್ಳೆಯದು. ಹೊಸ ಪೊಟ್ಟಣಗಳು ಎರಡು ಮೂರು ವಾರಗಳಲ್ಲೇ ಗಟ್ಟಿಯಾಗಿ, ಅಂಕಿ ಮತ್ತೆ 60ರ ಕಡೆಗೆ ಜಾರಿದರೆ ಈಗ ಮರವನ್ನು ದೂರುವಂತಿಲ್ಲ, ತೇವ ಹೊರಗೆ ಹೋಗುತ್ತಿದೆ. ಕಾಗದದ ಪಟ್ಟಿಯ ಪರೀಕ್ಷೆಯನ್ನು ಆಗ ಮತ್ತೊಮ್ಮೆ ಮಾಡಿ. ಪಟ್ಟಿ ಸಡಿಲವಾಗಿ ಜಾರುವ ಬದಿಯನ್ನು ಗುರುತಿಸಿಕೊಂಡು, ಹಿಂಬದಿಯ ತಿರುಗಣೆಗಳ ತಿರುಪುಗಳನ್ನು ಸರಿಪಡಿಸಿ ನೋಡಿ, ಅಲ್ಲಿ ಸಂದಿದ್ದರೆ ಅಷ್ಟಕ್ಕೇ ಸರಿಹೋಗುವುದುಂಟು. ಹಾಗೂ ಆಗದಿದ್ದರೆ ಸಿಗಾರ್‌ಗಳನ್ನು ಮತ್ತೆ ಪ್ಲಾಸ್ಟಿಕ್ ಡಬ್ಬಿಗೆ ಸಾಗಿಸಿ, ಪೆಟ್ಟಿಗೆಯನ್ನು ಮಾರಿದವರಿಗೆ ಹಿಂದಿರುಗಿಸಿ, ಬದಲಿ ಕೇಳಿ.